ಸುರಪುರ ಎಂದು ಹುಡುಕಿದರೆ ಸುರಪುರ ಸಿಗುವುದಿಲ್ಲ: ಆನ್‌ಲೈನ್ ಕ್ಯಾಟಲಾಗ್ ಹುಡುಕಾಟದ ಕೆಲಸದ ದಾಖಲೆ

ಕೆಲಸ ಇಷ್ಟು: ಯಾದಗಿರಿ ಜಿಲ್ಲೆಯ ಸುರಪುರ ಸಂಸ್ಥಾನ ಮತ್ತು ಆಮೇಲಿನ ಸುರಪುರ ತಾಲ್ಲೂಕಿನ ಬಗ್ಗೆ ಆನ್‌ಲೈನ್ ಕ್ಯಾಟಲಾಗ್‌ಗಳಲ್ಲಿರುವ ಪುಸ್ತಕ, ಕಡತ, ವರದಿ, ನಕ್ಷೆಗಳನ್ನು ಒಂದೇ ಎಕ್ಸೆಲ್ ಶೀಟಿಗೆ ತರುವುದು. ಓದುವುದು ಆಮೇಲಿನ ಮಾತು. ಎಲ್ಲಿ ಏನಿದೆ ಅನ್ನುವುದು ಮೊದಲು ಗೊತ್ತಾಗಬೇಕು.

ಹಿಡಿದ ಸಮಯ: ಜೂನ್ 7ರಿಂದ ಜುಲೈ 13ರವರೆಗೆ, ಶನಿವಾರ-ಭಾನುವಾರ ಮಾತ್ರ. 12 ದಿನ, ದಿನಕ್ಕೆ ಸುಮಾರು 3 ಗಂಟೆ.

ಸಾಮಾನು: ಹಳೇ ಲ್ಯಾಪ್‌ಟಾಪ್, ಎಕ್ಸೆಲ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಕನ್ನಡ ಮತ್ತು ಉರ್ದು ಎರಡೂ ಕೀಬೋರ್ಡ್ ಹಾಕಿದ ಫೋನು, ಒಂದು ರೂಲ್ಡ್ ನೋಟ್‌ಬುಕ್. ಖರ್ಚು: 64 ಜಿಬಿ ಪೆನ್‌ಡ್ರೈವ್ 480 ರೂ., ಎರಡು ಸಲ ಹಾಕಿಸಿದ ಹೆಚ್ಚುವರಿ ಡೇಟಾ 196 ರೂ., ಪ್ರಿಂಟ್ 38 ಪುಟಕ್ಕೆ 3 ರೂ.ನಂತೆ 114 ರೂ. ಒಟ್ಟು 790 ರೂ.

ಹಂತ 1. ಜೂನ್ 7: ಕೆಟ್ಟ ಆರಂಭ

ಇವತ್ತು ನಾವು ಬರೆಯುವ ಹಾಗೆ, ಎಸ್-ಯು-ಆರ್-ಎ-ಪಿ-ಯು-ಆರ್-ಎ ಅಂತ ಹೊಡೆದು ಒಂದಾದ ಮೇಲೊಂದು ಕ್ಯಾಟಲಾಗ್ ತೆರೆದದ್ದು. ಸಿಕ್ಕಿದ್ದು ತೀರ ಕಡಿಮೆ, ಅದರಲ್ಲೂ ಬೇರೆಯವರದೇ ಹೆಚ್ಚು. ಗುಜರಾತಿನಲ್ಲಿ ವೀರ ಪೂರ್ವಜರಿಗೆ ಸುರಾಪುರಾ ಅನ್ನುತ್ತಾರೆ, ಅವರ ಭಜನೆ-ವಿಡಿಯೋಗಳು ಮೊದಲು ಬಂದವು. ಮೂರು ಗಂಟೆ ಕೂತು ಶೀಟಿಗೆ ಇಳಿದದ್ದು ನಾಲ್ಕು ಸಾಲು.

ಕಾರಣ ಸರಳ. ಹಳೇ ಪುಸ್ತಕಗಳ ಕ್ಯಾಟಲಾಗಿಗೆ ಊರು ಗೊತ್ತಿರುವುದಿಲ್ಲ, ಕಾಗುಣಿತ ಗೊತ್ತಿರುತ್ತದೆ. 1845ರಲ್ಲಿ ಒಬ್ಬ ಗುಮಾಸ್ತ ಕಡತದ ಮೇಲೆ ಏನು ಬರೆದನೋ ಅದೇ ಇವತ್ತಿನ ಡೇಟಾಬೇಸಿನಲ್ಲೂ ಕೂತಿದೆ. ಅವನಿಗೆ ಕೇಳಿಸಿದ್ದು ಶೋರಾಪುರ. ನಮ್ಮ ವಿಧಾನಸಭಾ ಕ್ಷೇತ್ರದ ಹೆಸರು ಇಂಗ್ಲಿಷ್ ಪಟ್ಟಿಯಲ್ಲಿ ಇವತ್ತಿಗೂ ಶೋರಾಪುರವೇ.

ಅವತ್ತಿನ ಇನ್ನೊಂದು ತಪ್ಪು ಆಮೇಲೆ ದುಬಾರಿಯಾಯಿತು. ಯಾವ ಜಾಲತಾಣದಲ್ಲಿ ಯಾವ ಪದ ಹಾಕಿ ನೋಡಿದ್ದು ಅಂತ ಬರೆದಿಡಲಿಲ್ಲ. ಮೂರನೇ ವಾರ ಅದೇ ಹುಡುಕಾಟವನ್ನೇ ಮತ್ತೆ ಮಾಡಬೇಕಾಯಿತು. ಏನೂ ಸಿಗದ ಹುಡುಕಾಟವನ್ನೂ ಬರೆದಿಡಬೇಕು. ತಾರೀಖು, ತಾಣ, ಹಾಕಿದ ಪದ, ಸಿಕ್ಕಿತೋ ಇಲ್ಲವೋ ಎಂದು ನಾಲ್ಕು ಕಾಲಂ ಇದ್ದರೆ ಸಾಕು.

ಹಂತ 2. ಜೂನ್ 8 ಮತ್ತು 14: ಹೆಸರಿನ ಪಟ್ಟಿ

ಇಡೀ ಕೆಲಸದ ಅರ್ಧ ಫಲ ಈ ಎರಡು ದಿನದ್ದು. ಒಂದೂ ಕ್ಯಾಟಲಾಗ್ ತೆರೆಯದೆ, ಹೆಸರು ಎಷ್ಟು ಬಗೆಯಲ್ಲಿ ಮುರಿಯಬಹುದು ಅಂತ ನೋಟ್‌ಬುಕ್‌ನಲ್ಲಿ ಬರೆದದ್ದು.

ಸುರಪುರ ಮೂರು ಜಾಗದಲ್ಲಿ ಬದಲಾಗುತ್ತದೆ. ಮೊದಲಿನ ಎಸ್ ಮುಂದೆ ಎಚ್ ಇರಬಹುದು, ಇಲ್ಲದಿರಬಹುದು. ಅದರ ಸ್ವರ ಯು ಆಗಬಹುದು, ಒ ಆಗಬಹುದು, ಜೋಡಿ ಒ ಆಗಬಹುದು. ಕೊನೆಯ ‘ಪುರ’ ಪಿ-ಯು-ಆರ್ ಆಗಬಹುದು, ಪಿ-ಒ-ಒ-ಆರ್ ಆಗಬಹುದು, ಪಿ-ಒ-ಆರ್-ಇ ಆಗಬಹುದು. ಇದನ್ನು ಬಿಡಿಸಿದರೆ ನಿಜವಾಗಿ ಬಳಕೆಯಲ್ಲಿದ್ದ ಎಂಟು ರೂಪ ನಿಂತವು. ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಇಲ್ಲಿ ಕಂಪನಿ ಸರ್ಕಾರದ ಪರವಾಗಿ ಆಡಳಿತ ನೋಡಿದವನು. 1877ರಲ್ಲಿ ಬಂದ ಅವನ ಆತ್ಮಕಥೆಯಲ್ಲಿ ಊರು ‘ಶೋರಾಪೂರ್’, ಕೊನೆಗೆ ಜೋಡಿ ಒ. 1908ರ ಇಂಪೀರಿಯಲ್ ಗೆಜೆಟಿಯರಿನಲ್ಲಿ ಒಂದೇ ಯು. ಎರಡೂ ಒಂದೇ ಊರು, ಹುಡುಕು ಯಂತ್ರಕ್ಕೆ ಎರಡು ಬೇರೆ ಊರು.

ಸುರಪುರದ ಹಿಂದಿನ ನೆಲೆ ವಾಗಿನಗೇರಾ. 1705ರಲ್ಲಿ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಿದ ಕೋಟೆ ಇದು. ಪರ್ಷಿಯನ್‌ನಿಂದ ಇಂಗ್ಲಿಷಿಗೆ ಬಂದ ಪುಸ್ತಕಗಳಲ್ಲಿ ಅದು ‘ವಾಕಿನ್‌ಕೇರಾ’, ಡಬ್ಲ್ಯೂನಿಂದ ಶುರು, ನಡುವೆ ಕೆ. ಇತಿಹಾಸಕಾರ ಜಾದುನಾಥ ಸರ್ಕಾರರ ಕಾಲಕ್ಕೆ ‘ವಾಗಿನ್‌ಗೇರಾ’. ಸುರಪುರದ ಹೆಸರಿಲ್ಲದೆ ಬರೀ ಇದೊಂದೇ ಇರುವ ಪುಟಗಳು ಬಹಳ, ಹಾಗಾಗಿ ಇದಕ್ಕೂ ಪ್ರತ್ಯೇಕ ಸಾಲು.

ಇದೇ ಲೆಕ್ಕ ಪಕ್ಕದ ಊರುಗಳಿಗೂ ಹಾಕಿ ಇಟ್ಟದ್ದು, ಬೇರೆಯವರಿಗೆ ಉಪಯೋಗವಾಗಲಿ ಅಂತ ಅದನ್ನೂ ಬರೆಯುತ್ತೇವೆ.

ಕಲಬುರಗಿ: ಸರ್ಕಾರಿ ಇಂಗ್ಲಿಷಿನಲ್ಲಿ 2014ರ ನವೆಂಬರ್ 1ರವರೆಗೆ ಜಿ ಅಕ್ಷರದ ಗುಲ್ಬರ್ಗಾ. ಬ್ರಿಗ್ಸ್ 1829ರಲ್ಲಿ ಇಂಗ್ಲಿಷಿಗೆ ತಂದ, ಪರ್ಷಿಯನ್ ಇತಿಹಾಸಕಾರ ಫೆರಿಷ್ತಾನ ಚರಿತ್ರೆಯಲ್ಲಿ ಕೆ ಅಕ್ಷರದ ‘ಕೂಲ್‌ಬುರ್ಗಾ’. ಬಹಮನಿ ಕಾಲದ ನಾಣ್ಯಗಳ ಕ್ಯಾಟಲಾಗಿನಲ್ಲಿ ಊರಿನ ಹೆಸರೇ ಇರುವುದಿಲ್ಲ, ‘ಅಹ್ಸನಾಬಾದ್’ ಇರುತ್ತದೆ. ಕಲಬುರಗಿಯ ಹಳೇ ಬಟ್ಟೆ ಗಿರಣಿ ಎಂಎಸ್‌ಕೆ ಮಿಲ್ಲಿನ ಕೆ ಎಲ್ಲಿಂದ ಬಂತು ಅಂತ ಕೇಳುವವರಿಗೂ ಉತ್ತರ ಇದೇ: ಮಹಬೂಬ್ ಶಾಹಿ ಕುಲ್ಬರ್ಗಾ. ಮಿಲ್ಲಿನ ಕಾಗದ ಹುಡುಕುವವರು ಜಿ ಬಿಟ್ಟು ಕೆಯಿಂದಲೇ ಶುರು ಮಾಡಬೇಕು.

ಇಲ್ಲೊಂದು ಗುಂಡಿ ಇದೆ. ಕನ್ನಡದಲ್ಲಿ ‘ಕಲಬುರ್ಗಿ’ ಅಂತ ಹಾಕಿದರೆ ಊರಿಗಿಂತ ಮೊದಲು ಡಾ. ಎಂ.ಎಂ. ಕಲಬುರ್ಗಿಯವರ ಪುಸ್ತಕಗಳು ಸಾಲಾಗಿ ಬರುತ್ತವೆ. ಅವರು ಬರೆದದ್ದು, ಸಂಪಾದಿಸಿದ್ದು ಅಷ್ಟಿದೆ. ಲೇಖಕ ಫೀಲ್ಡಿನಲ್ಲಿ ಆ ಹೆಸರನ್ನು ಮೈನಸ್ ಹಾಕಿ ತೆಗೆದರೆ ಊರು ಕಾಣುತ್ತದೆ.

ಬೀದರ: ಹಳೇ ಇಂಗ್ಲಿಷಿನಲ್ಲಿ ‘ಬೆದರ್’, ‘ಬಿದುರ್’. ಬಹಮನಿ ಕಾಲಕ್ಕೆ ‘ಮುಹಮ್ಮದಾಬಾದ್’, ಔರಂಗಜೇಬನ ಕಾಲಕ್ಕೆ ‘ಜಫರಾಬಾದ್’. ಸುರಪುರದವರಿಗೆ ಇದು ದೊಡ್ಡ ತೊಡಕು. ಸುರಪುರದ ಬೇಡರನ್ನೂ ಆಗಿನ ಇಂಗ್ಲಿಷರು ‘ಬೆದರ್’, ‘ಬೇದುರ್’ ಅಂತಲೇ ಬರೆದರು. ಬಿ-ಇ-ಡಿ-ಇ-ಆರ್ ಹಾಕಿದರೆ ಬೀದರ ಕೋಟೆಯೂ ಬರುತ್ತದೆ, ಸುರಪುರದ ಬೇಡ ಪಡೆಯೂ ಬರುತ್ತದೆ.

ಬಸವಕಲ್ಯಾಣ: ಹಳೇ ದಾಖಲೆಯಲ್ಲಿ ‘ಕಲ್ಯಾಣಿ’. ಬರೀ ಅದನ್ನು ಹಾಕಿದರೆ ಬಂಗಾಳದ ಕಲ್ಯಾಣಿ, ಮುಂಬೈ ಪಕ್ಕದ ಕಲ್ಯಾಣ, ಅದೇ ಹೆಸರಿನ ರಾಗ, ಎಲ್ಲ ಬರುತ್ತವೆ. ಜತೆಗೆ ‘ಬೀದರ’ ಅಥವಾ ‘ನಿಜಾಮ್’ ಇರಲೇಬೇಕು. ವಾಡಿ ಇನ್ನೂ ಕಷ್ಟ. ಅರಬ್ಬಿಯಲ್ಲಿ ವಾದಿ ಅಂದರೆ ಕಣಿವೆ, ಇಂಗ್ಲಿಷ್ ಅಕ್ಷರ ಅವೇ ನಾಲ್ಕು, ಹಾಗಾಗಿ ಅರಬಸ್ಥಾನದ ಕಣಿವೆಗಳೆಲ್ಲ ಸಾಲುಗಟ್ಟುತ್ತವೆ. ‘ವಾಡಿ ಜಂಕ್ಷನ್’ ಅಂತ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಮಾತ್ರ ನಮ್ಮ ರೈಲು ನಿಲ್ದಾಣ.

ಹಂತ 3. ಜೂನ್ 15: ಊರು ಯಾವ ಕಾಲಕ್ಕೆ ಯಾರ ಕೈಯಲ್ಲಿತ್ತು

ಹೆಸರಿನಷ್ಟೇ ಮುಖ್ಯ ಈ ಪಟ್ಟಿ. ಯಾವ ದಫ್ತರದ ಕ್ಯಾಟಲಾಗ್ ತೆರೆಯಬೇಕು ಅನ್ನುವುದನ್ನು ಹೇಳುವುದು ಇದೇ.

1858ರವರೆಗೆ ಸುರಪುರ ಸಂಸ್ಥಾನ. ಕಾಗದ ಓಡಾಡಿದ್ದು ಹೈದರಾಬಾದಿನ ರೆಸಿಡೆನ್ಸಿ (ಕಂಪನಿಯ ಪ್ರತಿನಿಧಿಯ ಕಚೇರಿ) ಮತ್ತು ಕಂಪನಿ ಸರ್ಕಾರದ ವಿದೇಶಾಂಗ ಇಲಾಖೆಯ ನಡುವೆ. 1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ, ನಂತರ ಎರಡು ವರ್ಷ ಬ್ರಿಟಿಷರ ಕೈ. 1860ರಲ್ಲಿ ನಿಜಾಮನಿಗೆ. 1905ರವರೆಗೆ ಲಿಂಗಸುಗೂರು ಜಿಲ್ಲೆ, ಆ ಜಿಲ್ಲೆ ಮುರಿದ ಮೇಲೆ ಗುಲ್ಬರ್ಗಾ ಜಿಲ್ಲೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಭಾರತದ ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಗುಲ್ಬರ್ಗಾ ಜಿಲ್ಲೆ ಒಡೆದ ಮೇಲೆ ಯಾದಗಿರಿ ಜಿಲ್ಲೆ.

ಈ ಪಟ್ಟಿ ಇಲ್ಲದೆ ಹೋಗಿದ್ದರೆ 1901ರ ಜನಗಣತಿ ಕೈಬಿಟ್ಟುಹೋಗುತ್ತಿತ್ತು. ಮೊದಲ ಸುತ್ತಿನಲ್ಲಿ ಬಿಟ್ಟೂ ಬಿಟ್ಟಿತ್ತು: ‘ಗುಲ್ಬರ್ಗಾ ಜಿಲ್ಲೆ’ ಅಂತ ಸೋಸಿದಾಗ ಆ ವರ್ಷದ ಕೋಷ್ಟಕದಲ್ಲಿ ಸುರಪುರ ತಾಲ್ಲೂಕು ಇರಲೇ ಇಲ್ಲ. ಅದು ಲಿಂಗಸುಗೂರಿನ ಕೆಳಗೆ ಕೂತಿತ್ತು. 1911ರಲ್ಲಿ ನೋಡಿದರೆ ಗುಲ್ಬರ್ಗಾದ ಕೆಳಗೆ. ಇನ್ನೊಂದು ಎಚ್ಚರ: ನಿಜಾಮರ ಕಾಲದ ವರದಿಯಲ್ಲಿ ಗುಲ್ಬರ್ಗಾ ‘ಡಿವಿಜನ್’ (ಹಲವು ಜಿಲ್ಲೆ ಸೇರಿದ ವಿಭಾಗ) ಬೇರೆ, ಗುಲ್ಬರ್ಗಾ ‘ಡಿಸ್ಟ್ರಿಕ್ಟ್’ ಬೇರೆ. ಡಿವಿಜನ್ ಲೆಕ್ಕವನ್ನು ಜಿಲ್ಲೆಯ ಲೆಕ್ಕ ಅಂತ ಎತ್ತಿದರೆ ಅಂಕಿ ಪೂರ್ತಿ ಕೆಡುತ್ತದೆ.

ಜಿಲ್ಲಾ ಗೆಜೆಟಿಯರ್ ಹುಡುಕುವವರಿಗೂ ಇದೇ ಮಾತು. ಗುಲ್ಬರ್ಗಾ ಜಿಲ್ಲೆಯ ಗೆಜೆಟಿಯರ್ 1966ರದು, ಅದರ ಮೇಲಿರುವುದು ‘ಮೈಸೂರು ರಾಜ್ಯ’. ಬೀದರದ್ದು 1977, ಅಷ್ಟರಲ್ಲಿ ‘ಕರ್ನಾಟಕ ರಾಜ್ಯ’ ಆಗಿತ್ತು. ಶೀರ್ಷಿಕೆಯಲ್ಲಿ ‘ಕರ್ನಾಟಕ’ ಅಂತ ಹಾಕಿ ಗುಲ್ಬರ್ಗಾದ್ದನ್ನು ಹುಡುಕಿದರೆ ಬರುವುದಿಲ್ಲ. ಇಂಪೀರಿಯಲ್ ಗೆಜೆಟಿಯರ್ ಷಿಕಾಗೋ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ ಪುಟಪುಟವಾಗಿ ಇದೆ. ನಮ್ಮ ಭಾಗಕ್ಕೆ ಬೇಕಾದವು ಸಂಪುಟ 8 (ಬೀದರ), 12 (ಗುಲ್ಬರ್ಗಾ), 16 (ಲಿಂಗಸುಗೂರು), 22 (ಶೋರಾಪುರ) ಮತ್ತು 24 (ಯಾದಗಿರಿ). ಅಕಾರಾದಿ ಇಂಗ್ಲಿಷ್ ಅಕ್ಷರದ್ದು, ಹಾಗಾಗಿ ಸುರಪುರವನ್ನು ‘ಶೋ’ದಲ್ಲಿ ನೋಡಬೇಕು.

ಹಂತ 4. ಜೂನ್ 21, 22, 28: ಇಂಟರ್ನೆಟ್ ಆರ್ಕೈವ್

ಹಳೇ ಪುಸ್ತಕಗಳ ಸ್ಕ್ಯಾನ್ ಇಟ್ಟಿರುವ ಉಚಿತ ಜಾಲತಾಣ ಇದು. ಮೂರು ದಿನ ಇಲ್ಲೇ ಹೋಯಿತು, ಶೀಟಿನ ಅರ್ಧಕ್ಕೂ ಹೆಚ್ಚು ಸಾಲು ಬಂದದ್ದೂ ಇಲ್ಲಿಂದಲೇ.

ಹುಡುಕುವ ಪೆಟ್ಟಿಗೆಯ ಕೆಳಗೆ ಎರಡು ಆಯ್ಕೆ ಮುಖ್ಯ: ಮೆಟಾಡೇಟಾ ಹುಡುಕಾಟ ಮತ್ತು ಪಠ್ಯದೊಳಗಿನ ಹುಡುಕಾಟ. ಸುಮ್ಮನೆ ಎಂಟರ್ ಒತ್ತಿದರೆ ಮೊದಲನೆಯದೇ ಓಡುತ್ತದೆ, ಅಂದರೆ ಪುಸ್ತಕದ ಹೆಸರು, ಲೇಖಕ, ವಿವರ ಇಷ್ಟರಲ್ಲೇ ನೋಡುತ್ತದೆ. ಶೀರ್ಷಿಕೆಯಲ್ಲಿ ಸುರಪುರ ಇರುವ ಪುಸ್ತಕ ಎಷ್ಟಿದ್ದೀತು? ಒಳಗೆ ಹತ್ತು ಪುಟ ಇರುವ ಪುಸ್ತಕಗಳೇ ಬೇಕಾದವು. ಮೊದಲ ದಿನದ ನಾಲ್ಕೇ ಸಾಲಿಗೆ ಇದೂ ಒಂದು ಕಾರಣ.

ಪಠ್ಯದೊಳಗೆ ಹುಡುಕುವಾಗ ಕಾಡಿದ್ದು ಓಸಿಆರ್, ಅಂದರೆ ಸ್ಕ್ಯಾನಿನ ಚಿತ್ರವನ್ನು ಯಂತ್ರ ಅಕ್ಷರವಾಗಿ ಓದುವ ಬಗೆ. ಹಳೇ ಅಚ್ಚಿನಲ್ಲಿ ಎಚ್ ಅಕ್ಷರದ ಕಮಾನು ತೆಳ್ಳಗಿದ್ದರೆ ಯಂತ್ರ ಅದನ್ನು ಎಲ್ ಮತ್ತು ಐ ಅಂತ ಎರಡಾಗಿ ಓದುತ್ತದೆ. ‘ಶೋರಾಪುರ’ ಹೋಗಿ ‘ಸ್ಲಿಯೋರಾಪುರ’ ಆಗುತ್ತದೆ. ಯು ಅಕ್ಷರ ಎನ್ ಆಗುತ್ತದೆ. ಸಾಲಿನ ಕೊನೆಗೆ ಪದ ಮುರಿದಿದ್ದರೆ ‘ಶೋರಾ’ ಒಂದು ಕಡೆ, ‘ಪುರ’ ಇನ್ನೊಂದು ಕಡೆ. ನಗುವ ಹಾಗಿದ್ದರೂ, ‘ಸ್ಲಿಯೋ’ ರೂಪವನ್ನೇ ಬೇಕೆಂದು ಹೊಡೆದು ಹುಡುಕಿದಾಗ ಬೇರೆ ದಾರಿಯಲ್ಲಿ ಸಿಗದ ಮೂರು ಪುಟ ಸಿಕ್ಕವು.

ಕೈಕೊಟ್ಟ ಪ್ರಯತ್ನ: ಅಕ್ಷರ ಆಚೀಚೆ ಆದರೂ ಹಿಡಿಯಲಿ ಅಂತ ಪದದ ಮುಂದೆ ಅಲೆ ಚಿಹ್ನೆ ಹಾಕಿ ಅಂದಾಜು ಹುಡುಕಾಟ ಮಾಡಿದ್ದು. ಶೋರಾಪುರಕ್ಕೂ ಶೋಲಾಪುರಕ್ಕೂ ಇಂಗ್ಲಿಷಿನಲ್ಲಿ ಇರುವುದು ಒಂದೇ ಅಕ್ಷರದ ಫರಕು. ಸೊಲ್ಲಾಪುರದ ಗಿರಣಿ, ಪ್ಲೇಗು, ಪುರಸಭೆ ವರದಿಗಳೆಲ್ಲ ಬಂದು ಬಿದ್ದವು. ಒಂದು ಸಂಜೆ ಪೂರ್ತಿ ಹಾಳು. ಸುರಪುರಕ್ಕೆ ಅಂದಾಜು ಹುಡುಕಾಟ ಬೇಡವೇ ಬೇಡ, ಎಂಟು ರೂಪವನ್ನು ನಡುನಡುವೆ ದೊಡ್ಡಕ್ಷರದ ‘ಒ-ಆರ್’ (ಅಥವಾ) ಸೇರಿಸಿ ಒಂದೇ ಸಾಲಿನಲ್ಲಿ ಹಾಕುವುದೇ ಸರಿ. ಸೊಲ್ಲಾಪುರದ ಹೆಸರು ಅಚ್ಚಿನ ತಪ್ಪಿನಿಂದ ಶೋರಾಪುರ ಆಗಿರುವುದೂ ಉಂಟು. ಪುಟ ತೆರೆದು ನೋಡದೆ ಸಾಲು ಸೇರಿಸಬಾರದು.

ಕೊನೆಗೆ ಕೈಹಿಡಿದ ವಿಧಾನ ಇದು. ಸುರಪುರದ ಪ್ರಸ್ತಾಪ ಇರಬಹುದಾದ ಪುಸ್ತಕ ಮೊದಲು ಗುರುತಿಸುವುದು: ಹೈದರಾಬಾದಿನ ಆಡಳಿತ ವರದಿ, 1857ರ ಇತಿಹಾಸಗಳು, ಪುರಾತತ್ವ ವರದಿ. ಪಿಡಿಎಫ್ ಇಳಿಸಲು ಹೋಗದೆ, ಡೌನ್‌ಲೋಡ್ ಪಟ್ಟಿಯಲ್ಲಿರುವ ಬರೀ ಪಠ್ಯದ ಫೈಲು ಇಳಿಸುವುದು. ಪಿಡಿಎಫ್ 40-50 ಎಂಬಿ ಇದ್ದರೆ ಪಠ್ಯ 1 ಎಂಬಿ ಆಸುಪಾಸು. ಹೀಗೆ 61 ಫೈಲು ಒಂದು ಫೋಲ್ಡರಿಗೆ ಹಾಕಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎಲ್ಲ ಫೈಲುಗಳ ಮೇಲೆ ಒಮ್ಮೆಗೇ ರೆಗ್ಯುಲರ್ ಎಕ್ಸ್‌ಪ್ರೆಷನ್ (ಪದದ ಹಲವು ರೂಪಗಳನ್ನು ಒಂದೇ ಸೂತ್ರದಲ್ಲಿ ಹಿಡಿಯುವ ಹುಡುಕಾಟ) ಓಡಿಸಿದ್ದು. ಅದನ್ನು ಕಟ್ಟಿದ ಬಗೆ: ಎಸ್, ಆಮೇಲೆ ಎಚ್ ಅಥವಾ ಎಲ್-ಐ, ಎರಡೂ ಇರದಿದ್ದರೂ ಸರಿ, ಚೌಕದ ಕಂಸದೊಳಗೆ ಒ ಮತ್ತು ಯು, ಮುಂದೆ ಪ್ಲಸ್, ಆರ್, ಎ ಇದ್ದರೂ ಸರಿ, ಇರದಿದ್ದರೂ ಸರಿ, ಹೈಫನ್ನು ಮತ್ತು ಸಾಲು ಮುರಿತ ಇದ್ದರೂ ಸರಿ, ಪಿ, ಮತ್ತೆ ಚೌಕದೊಳಗೆ ಒ, ಯು, ಎನ್, ಮುಂದೆ ಪ್ಲಸ್, ಆರ್. 20 ನಿಮಿಷ ತಿದ್ದಿ ತಿದ್ದಿ ಸರಿಯಾಯಿತು. ಆಮೇಲೆ 61 ಪುಸ್ತಕಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಪುಟ ಸಂಖ್ಯೆ ಬರೆಯುವಾಗ ಎಡವಿದ್ದು: ಆರ್ಕೈವಿನ ಓದುಗದಲ್ಲಿ ಪುಟ ತೆರೆದರೆ ವಿಳಾಸದ ಕೊನೆಗೆ ಒಂದು ಸಂಖ್ಯೆ ಬರುತ್ತದೆ. ಅದರ ಹಿಂದೆ ಎನ್ ಅಕ್ಷರ ಇದ್ದರೆ ಅದು ಸ್ಕ್ಯಾನಿನ ಹಾಳೆ ಎಣಿಕೆ, ಅಚ್ಚಿನ ಪುಟ ಸಂಖ್ಯೆ ಅಲ್ಲ. ಮುನ್ನುಡಿ, ಪರಿವಿಡಿ ಸೇರಿ 20-30 ಹಾಳೆ ವ್ಯತ್ಯಾಸ ಬರುತ್ತದೆ. ಮೊದಲ 17 ಸಾಲಿನಲ್ಲಿ ಎರಡೂ ಕಲಸಿ ಹೋಗಿ, ಎಲ್ಲವನ್ನೂ ಮತ್ತೆ ತೆರೆದು ‘ಅಚ್ಚಿನ ಪುಟ’, ‘ಹಾಳೆ’ ಅಂತ ಎರಡು ಕಾಲಂ ಮಾಡಬೇಕಾಯಿತು.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಪುಸ್ತಕಗಳೂ ಇಲ್ಲೇ ಒಂದು ಸಂಗ್ರಹವಾಗಿ ಇವೆ. ಅವುಗಳಲ್ಲಿ ಎಷ್ಟೋ ಕನ್ನಡ ಶೀರ್ಷಿಕೆಗಳು ಕನ್ನಡ ಲಿಪಿಯಲ್ಲಿಲ್ಲ, ದೀರ್ಘಕ್ಕೆ ಜೋಡಿ ಎ, ಟ-ಡಗಳಿಗೆ ಅಪಾಸ್ಟ್ರಫಿ ಹಾಕಿದ ಇಂಗ್ಲಿಷ್ ಅಕ್ಷರದಲ್ಲಿವೆ. ‘ಕರ್ನಾಟಕ’ ಅನ್ನುವುದರ ಟ ಮುಂದೆ ಅಪಾಸ್ಟ್ರಫಿ ಬಂದು ಪದ ಮುರಿದಿರುತ್ತದೆ. ಅಲ್ಲಿ ಪೂರ್ತಿ ಪದ ಹುಡುಕುವ ಬದಲು ಮೊದಲ ನಾಲ್ಕೈದು ಅಕ್ಷರ ಹಾಕಿ ನಕ್ಷತ್ರ ಚಿಹ್ನೆ ಕೊಡುವುದು ಮೇಲು. ಭಾಷೆ ಸೋಸುವಾಗಲೂ ಕನ್ನಡ ಎರಡು ರೂಪದಲ್ಲಿರುತ್ತದೆ, ಪೂರ್ತಿ ಹೆಸರು ಮತ್ತು ಕೆ-ಎ-ಎನ್ ಎಂಬ ಮೂರಕ್ಷರದ ಸಂಕೇತ. ಎರಡನ್ನೂ ಟಿಕ್ ಮಾಡಬೇಕು.

ಅಮೆರಿಕದ ಗ್ರಂಥಾಲಯಗಳ ಡಿಜಿಟಲ್ ಸಂಗ್ರಹ ಹಾಥಿಟ್ರಸ್ಟ್ ಬಗ್ಗೆ ಒಂದೇ ಮಾತು. ಅಮೆರಿಕದಲ್ಲಿ ತೆರೆಯುವ ಕೆಲವು ಪುಸ್ತಕ ಇಲ್ಲಿಂದ ತೆರೆಯುವುದಿಲ್ಲ. ಆದರೂ ಒಳಗೆ ಹುಡುಕಿದರೆ ಯಾವ ಪುಟದಲ್ಲಿ ಪದ ಇದೆ ಅಂತ ಹೇಳುತ್ತದೆ. ಆ ಪುಟ ಸಂಖ್ಯೆ ಹಿಡಿದು ಅದೇ ಪುಸ್ತಕವನ್ನು ಆರ್ಕೈವಿನಲ್ಲಿ ತೆರೆದುಕೊಳ್ಳಬಹುದು.

ಹಂತ 5. ಜೂನ್ 29: ಅಭಿಲೇಖ ಪಟಲ

ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಪೋರ್ಟಲ್ ಇದು. ಇಲ್ಲಿ ಹುಡುಕುವುದು ಕಡತದ ವಿಷಯ ಸಾಲಿನಲ್ಲಿ, ಕಡತದ ಒಳಗಲ್ಲ. ಹಾಗಾಗಿ ಹೆಸರಿನ ಪಟ್ಟಿ ಇಲ್ಲಿ ನೂರಕ್ಕೆ ನೂರು ಕೆಲಸಕ್ಕೆ ಬಂತು. ಒಂದೊಂದು ರೂಪಕ್ಕೂ ಬೇರೆ ಬೇರೆ ಕಡತ ಬರುತ್ತದೆ, ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಬರುವುದಿಲ್ಲ.

ಬರೆದುಕೊಳ್ಳಬೇಕಾದ್ದು ಐದು: ಇಲಾಖೆ, ಶಾಖೆ, ತಾರೀಖು, ಕಡತದ ಸಂಖ್ಯೆ, ಪೋರ್ಟಲ್ ಕೊಡುವ ಗುರುತು ಸಂಖ್ಯೆ. ತಾರೀಖಿನಲ್ಲಿ ಒಂದು ಮೋಸ ಇದೆ. ವಿದೇಶಾಂಗ ಇಲಾಖೆಯ ಹಳೇ ಕಡತದ ತಾರೀಖು ಅಂದರೆ ಆ ಕಾಗದ ಸರ್ಕಾರದ ಮುಂದೆ ಬಂದ ದಿನ, ಕಾಗದ ಬರೆದ ದಿನ ಅಲ್ಲ, ಘಟನೆ ನಡೆದ ದಿನವಂತೂ ಅಲ್ಲ. ಫೆಬ್ರುವರಿ 1858ರ ಘಟನೆ ಅಂತ ಅದೊಂದೇ ತಿಂಗಳು ಸೋಸಿದರೆ ಮುಖ್ಯ ಕಡತಗಳು ಹೊರಗುಳಿಯುತ್ತವೆ. 1857ರ ನಡುವಿನಿಂದ 1860ರ ಕೊನೆಯವರೆಗೆ ಬಿಟ್ಟಮೇಲೆ ಸರಿಯಾಯಿತು.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಬೇಕಾದದ್ದು ಐಒಆರ್/ಎಫ್/4 ಸರಣಿ, ಕಂಪನಿಯ ಮೇಲ್ವಿಚಾರಣೆಗೆ ಇದ್ದ ಬೋರ್ಡ್ ಆಫ್ ಕಂಟ್ರೋಲಿನ 1796ರಿಂದ 1858ರವರೆಗಿನ ಸಂಗ್ರಹ. ನಿಜಾಮ ರೆಸಿಡೆನ್ಸಿಯ ಕಾಗದ ಆರ್/2 ಸರಣಿಯಲ್ಲಿ. ಲಿಂಕು ನಂಬದೆ ಈ ಸಂಕೇತವನ್ನೇ ಬರೆದಿಟ್ಟುಕೊಳ್ಳಬೇಕು. ಜಾಲತಾಣ ಬದಲಾದರೂ ಸಂಕೇತ ಬದಲಾಗುವುದಿಲ್ಲ.

ಲಿಂಕಿನ ಮಾತು ಬಂತಲ್ಲ. ಒಂದು ಪೋರ್ಟಲಿನಿಂದ (ಹೆಸರು ಬೇಡ) ವಿಳಾಸಪಟ್ಟಿಯಲ್ಲಿದ್ದ ಲಿಂಕುಗಳನ್ನು ಹಾಗೇ ನಕಲು ಮಾಡಿದ್ದಾಗಿತ್ತು, 22 ಸಾಲು. ಮರುದಿನ ಒಂದೂ ತೆರೆಯಲಿಲ್ಲ, ಎಲ್ಲ ಲಾಗಿನ್ ಅವಧಿಗೆ ಕಟ್ಟಿದ ತಾತ್ಕಾಲಿಕ ವಿಳಾಸ. 22ನ್ನೂ ಮತ್ತೆ ಹುಡುಕಿ ಗುರುತು ಸಂಖ್ಯೆ ಬರೆದದ್ದಾಯಿತು. ಲಿಂಕು ನಕಲು ಮಾಡಿದ ಕೂಡಲೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿದರೆ ಈ ಗೋಳು ತಪ್ಪುತ್ತದೆ.

ಹಂತ 6. ಜುಲೈ 5: ನಕ್ಷೆ

ನಕ್ಷೆಯನ್ನು ಊರ ಹೆಸರಿನಿಂದ ಹುಡುಕಬಾರದು, ಶೀಟ್ ಸಂಖ್ಯೆಯಿಂದ ಹುಡುಕಬೇಕು. ಸರ್ವೇ ಆಫ್ ಇಂಡಿಯಾದ ಹಳೇ ಪದ್ಧತಿಯಲ್ಲಿ ನಮ್ಮ ಭಾಗವೆಲ್ಲ 56ರೊಳಗೆ ಬರುತ್ತದೆ. ಕಲಬುರಗಿ ನಗರ 56 ಸಿ, ಸುರಪುರ 56 ಡಿ, ಬೀದರ 56 ಜಿ, ಯಾದಗಿರಿ 56 ಎಚ್. ಒಂದಂಗುಲಕ್ಕೆ ಒಂದು ಮೈಲಿಯ ಹಾಳೆ ಬೇಕಾದರೆ ಸುರಪುರ ಪೇಟೆ 56 ಡಿ/14ರ ತಳದಂಚಿಗೆ ಬೀಳುತ್ತದೆ, ಹಾಗಾಗಿ 15 ಕೂಡ ಬೇಕು. ಒಂದೇ ತೆಗೆದರೆ ಊರಿನ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ನಕ್ಷೆ ಮುಗಿದುಹೋಗುತ್ತದೆ. ಈಗಿನ ಓಪನ್ ಸೀರೀಸ್ ನಕ್ಷೆಗಳ ಸಂಖ್ಯೆ ಬೇರೆ, ಸುರಪುರದ್ದು ಇ43ರಿಂದ ಶುರುವಾಗುತ್ತದೆ. ಎರಡೂ ಸಂಖ್ಯೆ ಎಕ್ಸೆಲ್ ಶೀಟಿನಲ್ಲಿ ಇರಲಿ.

ಹಂತ 7. ಜುಲೈ 6: ಪುರಾತತ್ವ ಮತ್ತು ಶಾಸನ

ಇಲ್ಲಿ ಸುಮ್ಮನೆ ಕಳೆದ ಒಂದು ಗಂಟೆ: ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸುರಪುರ ಹುಡುಕಿದ್ದು. ಬಿ.ಎಲ್. ರೈಸ್ ಸಾಹೇಬರ ಆ 12 ಶಾಸನ ಸಂಪುಟ ಹಳೇ ಮೈಸೂರು ಸೀಮೆ ಮತ್ತು ಕೊಡಗಿನದು. ನಮ್ಮದು ಆಗ ನಿಜಾಮರ ಸೀಮೆ. ನೋಡಬೇಕಾದ್ದು ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್. ಅದರ 18ನೆಯದು ಪಿ.ಬಿ. ದೇಸಾಯಿಯವರು 1958ರಲ್ಲಿ ತಂದ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ. ಚಿತ್ತಾಪುರದ ಪಕ್ಕದ ನಾಗಾವಿಯವರು 8ನೆಯದನ್ನು ನೋಡಬೇಕು, ಆದರೆ ಅಲ್ಲಿ ಊರಿನ ಹೆಸರು ‘ನಾಗೈ’. ನಾಗಾವಿ ಅಂತ ಹಾಕಿದರೆ ಆ ಪುಸ್ತಕ ಬರುವುದಿಲ್ಲ.

ಟೇಲರ್ ಅಗೆಸಿ ನೋಡಿದ ಕಲ್ಗೋರಿಗಳ ಊರು ರಾಜನಕೋಳೂರು, ಈಗ ಹುಣಸಗಿ ತಾಲ್ಲೂಕಿಗೆ ಸೇರಿದ್ದು. ಅವನ ಲೇಖನಗಳಲ್ಲಿ ಎರಡು ಪದ, ‘ರಾಜನ್’ ಬೇರೆ, ‘ಕೋಳೂರ್’ ಬೇರೆ, ಕಾಗುಣಿತ ಲೇಖನಕ್ಕೊಂದು. ಒಂದೇ ಪದವಾಗಿ ಹಾಕಿದರೆ ಇಲ್ಲ. ಹುಣಸಗಿ ಕೂಡ ಹಾಗೆಯೇ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಆ ಕಣಿವೆಯ ಹಳೇ ಶಿಲಾಯುಗದ ಬಗ್ಗೆ ಬರೆದದ್ದೆಲ್ಲ ಸ ಮೇಲಿನ ಸ್ವರ ಬಿಟ್ಟ ‘ಹುನ್‌ಸ್ಗಿ’ ರೂಪದಲ್ಲಿ ಇದೆ.

ಹಂತ 8. ಜುಲೈ 12: ಕನ್ನಡ ಮತ್ತು ಉರ್ದು ಲಿಪಿಯಲ್ಲಿ

ಕನ್ನಡದಲ್ಲಿ ಹುಡುಕುವಾಗ ಕಣ್ಣಿಗೆ ಒಂದೇ ಕಾಣುವ ಪದ ಯಂತ್ರಕ್ಕೆ ಎರಡಾಗಿರಬಹುದು. ‘ಗುಲ್‌ಬರ್ಗಾ’ ಅಂತ ಅರ್ಧಾಕ್ಷರ ಬಿಡಿಸಿ ಬರೆದರೆ ನಡುವೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ‘ಗುಲ್ಬರ್ಗಾ’ದಲ್ಲಿ ಇರುವುದಿಲ್ಲ. ‘ಬೀದರ’ದ ದೀರ್ಘವೂ ಹಾಗೆಯೇ, ಒಂದೇ ಸಂಕೇತವಾಗಿಯೂ ಇರಬಹುದು, ಗುಡಿಸು ಮತ್ತು ದೀರ್ಘದ ಬಾಲ ಬೇರೆಬೇರೆಯಾಗಿಯೂ ಇರಬಹುದು. ಎರಡೂ ಬಗೆಯಲ್ಲಿ ಹಾಕಿ ನೋಡದೆ ‘ಇಲ್ಲ’ ಅಂತ ಬರೆಯಬಾರದು. ಹಳೇ ಸರ್ಕಾರಿ ಪಿಡಿಎಫ್ ಮತ್ತು ಶೋಧಗಂಗಾ ಜಾಲತಾಣದ ಕನ್ನಡ ಪಿಎಚ್.ಡಿ. ಪ್ರಬಂಧಗಳಲ್ಲಿ ನುಡಿ, ಬರಹದ ಹಳೇ ಫಾಂಟು ಇದ್ದರೆ ಒಳಗೆ ಹುಡುಕುವುದು ಸಾಧ್ಯವೇ ಇಲ್ಲ. ಒಂದು ಸಾಲು ನಕಲು ಮಾಡಿ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದೇ ಅಂತ ತಿಳಿಯಿರಿ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು.

ಉರ್ದುವಿನಲ್ಲಿ ಗುಲ್ಬರ್ಗಾ ಅಂದರೆ ಗಾಫ್, ಲಾಮ್, ಬೇ, ರೇ, ಗಾಫ್, ಹೇ. ಕೊನೆಯ ಹೇ ಉರ್ದು ಕೀಬೋರ್ಡಿನಲ್ಲಿ ಒಂದು ಸಂಕೇತ, ಅರಬ್ಬಿ ಕೀಬೋರ್ಡಿನಲ್ಲಿ ಇನ್ನೊಂದು. ಯೇ ಕೂಡ ಹಾಗೆ. ಫೋನಿನಲ್ಲಿ ಅರಬ್ಬಿ ಕೀಬೋರ್ಡ್ ಹಾಕಿಕೊಂಡು ಬೀದರ, ಯಾದಗಿರಿ ಹುಡುಕಿದಾಗ ಏನೂ ಬರಲಿಲ್ಲ, ಉರ್ದು ಕೀಬೋರ್ಡಿಗೆ ಬದಲಾಯಿಸಿದ ಮೇಲೆ ಬಂತು. ಯಾದಗಿರಿಯವರಿಗೆ ಇನ್ನೊಂದು ಕಾಟ: ‘ಯಾದಗಾರ್’ ಅಂದರೆ ನೆನಪಿನ ಕಾಣಿಕೆ. ಒಂದು ಯೇ ತಪ್ಪಿ ಅಲಿಫ್ ಆದರೆ ಉರ್ದುವಿನ ಸ್ಮರಣ ಸಂಚಿಕೆಗಳೆಲ್ಲ ಬರುತ್ತವೆ.

ನಿಜಾಮ ಸರ್ಕಾರದ ವರದಿಗಳ ವರ್ಷ ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದಲ್ಲಿ, ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಬರುತ್ತದೆ. ಹಳೇ ಲೆಕ್ಕದಲ್ಲಿ ವರ್ಷ ಅಕ್ಟೋಬರಿನಿಂದ ಶುರು, ಮೊದಲ ತಿಂಗಳು ಆಜುರ್. 1331 ಫಸಲಿ ಅಂದರೆ 1921-22. ಶೀಟಿನಲ್ಲಿ ಅದನ್ನು ಹಿಜರಿ ಅಂತ ಹಿಡಿದು 1912-13 ಬರೆದದ್ದಾಗಿತ್ತು, 9 ವರ್ಷದ ತಪ್ಪು. ಆರು ಸಾಲು ತಿದ್ದಬೇಕಾಯಿತು. ಈಗ ‘ಮೂಲದಲ್ಲಿ ಇದ್ದ ವರ್ಷ’ ಒಂದು ಕಾಲಂ, ‘ಇಸವಿ’ ಇನ್ನೊಂದು.

ಹಂತ 9. ಜುಲೈ 13: ಶೀಟ್ ತೊಳೆದದ್ದು

ಎಕ್ಸೆಲ್ ಮಾಡಿದ ಅನಾಹುತ ಇಲ್ಲಿ ಕಂಡಿತು. ಪುಟ ‘5-8’ ಅಂತ ಬರೆದ ಕಡೆಯೆಲ್ಲ ಅದು ತಾರೀಖು ಮಾಡಿಬಿಟ್ಟಿತ್ತು. ಕಡತ ಸಂಖ್ಯೆ ‘12-15’ ಹೋಗಿ ಡಿಸೆಂಬರ್ 15. ತಾರೀಖನ್ನು ಪಠ್ಯ ಮಾಡಿದರೆ ಮೂಲ ವಾಪಸ್ ಬರುವುದಿಲ್ಲ, ಐದಂಕಿಯ ಒಂದು ಸಂಖ್ಯೆ ಬರುತ್ತದೆ. 31 ಖಾನೆ ನೋಟ್‌ಬುಕ್ ನೋಡಿ ಕೈಯಿಂದ ತುಂಬಿದ್ದು. ಹೊಸ ಶೀಟು ತೆರೆದ ಕೂಡಲೇ ಎಲ್ಲ ಕಾಲಂ ಆಯ್ದು ‘ಟೆಕ್ಸ್ಟ್’ ಮಾಡಿ, ಆಮೇಲೆ ಮೊದಲ ಅಕ್ಷರ ಬರೆಯಿರಿ. 1900ಕ್ಕಿಂತ ಹಿಂದಿನ ತಾರೀಖು ಎಕ್ಸೆಲ್‌ಗೆ ತಾರೀಖೇ ಅಲ್ಲ, ಅದಕ್ಕೆ ವರ್ಷ, ತಿಂಗಳು, ದಿನ ಮೂರು ಬೇರೆ ಕಾಲಂ.

ಒಂದೇ ಪುಸ್ತಕದ ಬೇರೆ ಬೇರೆ ಸ್ಕ್ಯಾನು 19 ಸಾಲು ತಿಂದಿದ್ದವು. ಅಳಿಸದೆ ಒಂದರ ಕೆಳಗೆ ಇನ್ನೊಂದನ್ನು ಕಟ್ಟಿ ಇಟ್ಟದ್ದು ಒಳ್ಳೆಯದಾಯಿತು. ಎರಡು ಸ್ಕ್ಯಾನಿನಲ್ಲಿ ಮಡಚುವ ನಕ್ಷೆ ಬಿಚ್ಚದೆ ಹಾಗೇ ಸ್ಕ್ಯಾನ್ ಮಾಡಿದ್ದರು, ಮೂರನೆಯದರಲ್ಲಿ ಪೂರ್ತಿ ಬಿಚ್ಚಿತ್ತು.

ಈಗ ಶೀಟಿನಲ್ಲಿ 143 ಸಾಲು, 14 ಕಾಲಂ. ಅದರಲ್ಲಿ 11 ಸಾಲಿಗೆ ಹಳದಿ ಬಣ್ಣ ಹಾಕಿದೆ. ಅವು 1860ರ ನಂತರದ ಉರ್ದು-ಪರ್ಷಿಯನ್ ಮಿಸಲ್‌ಗಳ (ಕಡತಗಳ) ಉಲ್ಲೇಖ, ಬೇರೆ ಪುಸ್ತಕಗಳ ಅಡಿಟಿಪ್ಪಣಿಯಿಂದ ಎತ್ತಿದವು. ನಿಜಾಮ ಸರ್ಕಾರದ ದಫ್ತರ ಇರುವುದು ಹೈದರಾಬಾದಿನ ತಾರ್ನಾಕಾದ ತೆಲಂಗಾಣ ರಾಜ್ಯ ಅಭಿಲೇಖಾಲಯದಲ್ಲಿ, ಆ 11ಕ್ಕೆ ಅಲ್ಲಿಗೇ ಹೋಗಿ ಕೇಳಬೇಕು. ಹೆಸರಿನ ಪಟ್ಟಿಯ ಪ್ರಿಂಟು, ಉರ್ದುವಿನಲ್ಲಿ ಬರೆದ ಸುರಪುರ ಮತ್ತು ವಾಗಿನಗೇರಾ, ಫಸಲಿ ವರ್ಷಗಳ ಚೀಟಿ ನೋಟ್‌ಬುಕ್‌ನಲ್ಲಿ ಪಿನ್ ಮಾಡಿ ಇಟ್ಟಿದೆ.